ಬ್ರೆಡ್ ವ್ಯಾನಿನಡಿ ಸುಮ್ಮನಾದ ಕಿವಿ

ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಮುಂದೆ ನಿಂತ ಬಿಳಿ ವ್ಯಾನಿನ ಪಕ್ಕ ಒಬ್ಬ ಹೆಂಗಸು ರಸ್ತೆಗೆ ಕೆನ್ನೆ ಕೊಟ್ಟು ಮಲಗಿದ್ದಾರೆ. ಒಂದು ಕೈಯಲ್ಲಿ ಟಾರ್ಚು. ಇನ್ನೊಂದು ಕೈ ಭುಜದವರೆಗೂ ವ್ಯಾನಿನಡಿ ಸೇರಿಕೊಂಡಿದೆ. ಒಳಗಿನಿಂದ ಬನ್ನಿನ ಟ್ರೇ ಹೊತ್ತು ಬಂದ ಬ್ರೆಡ್ಡಿನವನು ಬೆಚ್ಚಿಬೀಳುತ್ತಾನೆ.

"ಯಾರಮ್ಮಾ ಅದು? ಬಿದ್ರಾ?"

"ಬಿದ್ದಿಲ್ಲಣ್ಣ, ಸಿಕ್ತು!" ವ್ಯಾನಿನಡಿಯಿಂದ ದನಿ ಬರುತ್ತದೆ. "ನಿಮ್ಮ ವ್ಯಾನು ನಮ್ಮ ಮುಚ್ಚಳದ ಮೇಲೇ ಕೂತಿದೆ!"

ಎದ್ದು ನಿಂತಾಗ ಅವರ ಕೆನ್ನೆಯ ತುಂಬ ಮಣ್ಣು, ಮುಖದ ತುಂಬ ನಗು. ಟೆಲಿಫೋನ್ ಕಂಪನಿಯ ನೀಲಿ ಕೋಟು ತೊಟ್ಟ ಈ ತಂತ್ರಜ್ಞೆಯನ್ನು ಇಲ್ಲಿ ಎಲ್ಲರೂ ಕರೆಯುವುದು ಸಿಗ್ನಲಕ್ಕ ಎಂದು. ಅವರು ಹುಡುಕುತ್ತಿದ್ದುದು ನೆಲದೊಳಗಿನ ಒಂದು ಗುಂಡಿಯನ್ನಲ್ಲ, ಆ ಗುಂಡಿಯಲ್ಲಿರುವ ಪುಟ್ಟ ಸಾಧನ ಏಕೆ ಮಾತಾಡುತ್ತಿಲ್ಲ ಎಂಬುದನ್ನು.

ಅಂಗೈಯಲ್ಲಿ ಹಿಡಿಸುವ ಆ ಸಾಧನಕ್ಕೆ ಸಿಗ್ನಲಕ್ಕನ ತಂಡದವರು ಇಟ್ಟಿರುವ ಹೆಸರು 'ಕಿವಿ'. ನೀರಿನ ಕೊಳವೆಗೆ ಅಂಟಿಕೊಂಡು, ಊರೆಲ್ಲ ಮಲಗಿ ನಲ್ಲಿಗಳೆಲ್ಲ ನಿಂತ ಹೊತ್ತಿನಲ್ಲಿ ಅದು ಆಲಿಸುತ್ತದೆ. ಯಾರೂ ನೀರು ಹಿಡಿಯದಿದ್ದರೂ ಕೊಳವೆಯಲ್ಲಿ ಸದ್ದಿದ್ದರೆ, ಎಲ್ಲೋ ಸೋರುತ್ತಿದೆ ಎಂದರ್ಥ. ಬೆಳಗಿನ ಜಾವ ಒಮ್ಮೆ ಎಚ್ಚರಾಗಿ, ಕೇಳಿದ್ದನ್ನು ಮೊಬೈಲ್ ಟವರಿಗೆ ಒಪ್ಪಿಸಿ ಮತ್ತೆ ಮಲಗುತ್ತದೆ. ಒಳಗೆ ಸಿಮ್ ಇದೆ, ನಂಬರ್ ಇದೆ. ನಮ್ಮ ನಿಮ್ಮ ಹಾಗೆ ಅದೂ ಟೆಲಿಫೋನ್ ಕಂಪನಿಯ ಗಿರಾಕಿ.

ಈ ಇಳಿಜಾರಿನ ಬಡಾವಣೆಯ ಮೇಲಿನ ಸಾಲಿಗೆ ವರ್ಷಗಳಿಂದ ನೀರು ಏರುತ್ತಿಲ್ಲ. ಎಲ್ಲಿ ಸೋರುತ್ತಿದೆಯೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ನೀರಿನ ಕಚೇರಿಯವರು ಬೀದಿಯುದ್ದಕ್ಕೂ ಕಿವಿಗಳನ್ನು ಹಾಕಿಸಿದ್ದಾರೆ. ಉಳಿದವೆಲ್ಲ ಮಾತಾಡುತ್ತಿವೆ, ಬೇಕರಿ ಮುಂದಿನದೊಂದು ಮಾತ್ರ ಮೂಕ. ಅದರ ಸುದ್ದಿಯಿಲ್ಲದೆ ಸೋರುವ ಜಾಗ ಇಲ್ಲೇ ಎಂದು ಹೇಳಲಾಗುತ್ತಿಲ್ಲ. ಇವತ್ತು ಕಡೆಯ ದಿನ. ಇವತ್ತೂ ಬಾಯಿ ಬಿಡದಿದ್ದರೆ ಎಲ್ಲವನ್ನೂ ಬಿಚ್ಚಿ ಬೇರೆ ಬಡಾವಣೆಗೆ ಒಯ್ಯುತ್ತಾರೆ. ಮೇಲಿನ ಸಾಲಿನವರು ಇನ್ನೆಷ್ಟು ಕಾಲ ಬಿಂದಿಗೆ ಹೊರಬೇಕೋ! ಸಿಗ್ನಲಕ್ಕನ ಮನೆ ಇರುವುದೂ ಅದೇ ಸಾಲಿನಲ್ಲಿ.

"ಸ್ವಲ್ಪ ಮುಂದೆ ತಗೊಳ್ಳಣ್ಣ. ಅದು ಏಳೋ ಹೊತ್ತಾಯ್ತು."

"ಇಳಿಜಾರು ಕಣಮ್ಮಾ. ಟ್ರೇಗಳಿಗೆ ಇನ್ನೂ ಹಗ್ಗ ಕಟ್ಟಿಲ್ಲ. ಈಗ ಅಲ್ಲಾಡಿಸಿದ್ರೆ ಬನ್ನೆಲ್ಲ ಅಪ್ಪಚ್ಚಿ."

"ನಾನು ಹಿಡ್ಕೋತೀನಿ."

"ವ್ಯಾನನ್ನಾ?"

"ಟ್ರೇನ, ಅಣ್ಣ!"

ಕಂಪನಿ ಜೀಪಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ತೆಗಿಯಪ್ಪಾ. ಇಲ್ದಿದ್ರೆ ಅಕ್ಕ ವ್ಯಾನನ್ನೂ ಹಿಡ್ಕೊಂಡಾರು" ಎನ್ನುತ್ತಾನೆ.

ಬ್ರೆಡ್ಡಿನವನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. "ಮನೇಲಿ ನಂಗೇ ಸಿಗ್ನಲ್ ಇಲ್ಲ. ಗುಂಡಿಗೆ ಕೊಡೋಕೆ ಬಂದ್ರಾ?"

"ಮನೇಲಿ ನೀರು ಬರುತ್ತಾ?"

"ಎಲ್ಲಿ ಬರುತ್ತೆ!"

"ಅದನ್ನೇ ಕೇಳೋಕೆ ಬಂದಿರೋದು."

ಅವನು ಗೊಣಗುತ್ತಾ ಚಕ್ರಕ್ಕೆ ಕೊಟ್ಟ ಕಲ್ಲನ್ನು ಕಾಲಿನಿಂದ ತಳ್ಳುತ್ತಾನೆ. ಸಿಗ್ನಲಕ್ಕ ವ್ಯಾನಿನ ಹಿಂಬದಿ ಹತ್ತಿ ಎರಡು ಕೈ ಅಗಲಿಸಿ ಟ್ರೇಗಳನ್ನು ತಬ್ಬಿಕೊಳ್ಳುತ್ತಾರೆ. ಅವರ ಕೆಲಸ ನೋಡಿ ಬರೆಯಲೆಂದು ಜೀಪಿನಲ್ಲಿ ಜೊತೆಗೆ ಬಂದ ನನ್ನ ಕೈಗೂ ಒಂದು ಟ್ರೇ ಬರುತ್ತದೆ. ವ್ಯಾನು ಎರಡು ಮಾರು ಮುಂದೆ ಸರಿಯುತ್ತದೆ. ಅದು ನಿಂತಿದ್ದ ಜಾಗದಲ್ಲಿ ಈಗ ಒಂದು ಕಪ್ಪು ಮುಚ್ಚಳ, ಮೇಲೆ ತೆರೆದ ಆಕಾಶ.

ಇನ್ನು ಕಾಯುವುದೇ ಕೆಲಸ. ಕಿವಿ ಎಚ್ಚರಾಗಬೇಕು, ಟವರನ್ನು ಹುಡುಕಬೇಕು, ಅಲ್ಲಿಂದ ಸುದ್ದಿ ಕಂಟ್ರೋಲ್ ರೂಮಿಗೆ ಹೋಗಬೇಕು. ಸಿಗ್ನಲಕ್ಕ ಬೇಕರಿಯ ಮೆಟ್ಟಿಲ ಮೇಲೆ ಕೂತು ಫೋನನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕೈ ಸುಮ್ಮನಿರಲಾರದು, ಬೆರಳ ಸಂದಿಯ ಮಣ್ಣು ಉಜ್ಜುತ್ತಲೇ ಮಾತು ತೆಗೆಯುತ್ತಾರೆ.

"ಬ್ಯಾಟರಿ ಬದಲಾಯಿಸ್ದೆ. ಸಾಧನಾನೇ ಬದಲಾಯಿಸ್ದೆ. ಹಗಲು ಬಂದು ನೋಡಿದ್ರೆ ಸಿಗ್ನಲ್ ಫುಲ್. ಬೆಳಗಾದ್ರೆ ಮಾತಿಲ್ಲ. ನಾನು ನನ್ನ ಡ್ಯೂಟಿ ಹೊತ್ತಿಗೆ ಬರ್ತಿದ್ದೆ, ಅದರ ಡ್ಯೂಟಿ ಹೊತ್ತಿಗೆ ಬಂದಿರ್ಲಿಲ್ಲ. ಅಷ್ಟೇ ಎಡವಟ್ಟು."

ಹಗಲಿನಲ್ಲಿ ವ್ಯಾನು ಊರು ಸುತ್ತುತ್ತಿರುತ್ತದೆ. ಬೆಳಗಿನ ಜಾವ ಸರಕು ತುಂಬಲು ಬಂದು, ಸರಿಯಾಗಿ ಆ ಮುಚ್ಚಳದ ಮೇಲೆಯೇ ನಿಲ್ಲುತ್ತದೆ. ತಲೆಯ ಮೇಲೆ ಅಷ್ಟು ಕಬ್ಬಿಣ ಹೊತ್ತ ಕಿವಿ ಎದ್ದು ಕೂಗುತ್ತದೆ, ಟವರಿಗೆ ಕೇಳದೆ ಸೋತು ಮಲಗುತ್ತದೆ.

ಇಂಥ ಪಾಠಗಳನ್ನೆಲ್ಲ ಇವರ ತಂಡ ಮೈಮೇಲೆ ಬಿದ್ದ ಮೇಲೆಯೇ ಕಲಿತಿದೆ. ಮೊದಮೊದಲು ಗುಂಡಿಯ ಮುಚ್ಚಳ ತೆಗೆದಿಟ್ಟು ಪರೀಕ್ಷೆ ಮಾಡುತ್ತಿದ್ದರಂತೆ. ಸಿಗ್ನಲ್ ಚೆನ್ನಾಗಿದೆ ಎಂದು ಬರೆದುಕೊಂಡು, ಕಬ್ಬಿಣದ ಮುಚ್ಚಳ ಹಾಕಿ ಹೊರಟರೆ ಅರ್ಧ ಬೀದಿ ಮೂಕ! ಈಗ ಮುಚ್ಚಳಗಳು ಪ್ಲಾಸ್ಟಿಕ್ಕಿನವು. ಆದರೂ ಸಿಗ್ನಲಕ್ಕ ಮುಚ್ಚಳ ಹಾಕಿ, ಅದರ ಮೇಲೆ ತಾವೇ ನಿಂತು ಪರೀಕ್ಷೆ ಮಾಡುತ್ತಾರೆ.

ಇವರು ಕೆಲಸಕ್ಕೆ ಸೇರಿದಾಗ ಕಂಪನಿ ಎಂದರೆ ತಾಮ್ರದ ತಂತಿ. ಕಂಬ ಹತ್ತುವುದು, ಗಾಳಿಗೆ ಕಿತ್ತುಬಂದ ಜೋಡಣೆ ಸರಿಮಾಡುವುದು. ಗಂಡ ತೀರಿಕೊಂಡ ಮೇಲೆ ಅತ್ತೆಯ ಜೊತೆ ಸಂಸಾರ ತೂಗಿಸಿದ್ದು ಆ ಕಂಬಗಳ ಮೇಲೆಯೇ. ಆಮೇಲೆ ತಂತಿಯ ಕಾಲ ಮುಗಿಯಿತು. ಕಂಪನಿ ಎಲ್ಲರನ್ನೂ ಒಂದು ಸಭಾಂಗಣದಲ್ಲಿ ಕೂರಿಸಿ, ಇನ್ನು ಮುಂದೆ ನಿಮ್ಮ ಗಿರಾಕಿಗಳು ಮೀಟರು, ಬೀದಿದೀಪ, ಲಿಫ್ಟು, ಔಷಧಿ ಅಂಗಡಿಯ ಫ್ರಿಜ್ಜು ಎಂದಿತು. ಕೆಲವರು ನಕ್ಕು ಎದ್ದುಹೋದರು. ಇವರು ಕೂತರು.

"ಕಂಬದ ಮೇಲಿಂದ ಗುಂಡಿಗೆ ಬಡ್ತಿ ಸಿಕ್ತು" ಎಂದು ನಗುತ್ತಾರೆ. ನಗುವಾಗಲೂ ಕೈ ಮಂಡಿಯನ್ನು ಒತ್ತುತ್ತಿರುತ್ತದೆ. ದಿನಕ್ಕೆ ಇಪ್ಪತ್ತರಷ್ಟು ಗುಂಡಿ, ಪ್ರತಿಯೊಂದಕ್ಕೂ ಮಂಡಿಯೂರಿ ಬಗ್ಗಬೇಕು. ಜಿರಲೆ, ಕೊಳಚೆ, ಕೆಲವು ಕಡೆ ಮೊಣಕೈವರೆಗೆ ಕೆಸರು. ಅದು ಮುಗಿದ ಮೇಲೆ ಮನೆಗೆ ಹತ್ತುವ ಮೆಟ್ಟಿಲು, ಕೈಯಲ್ಲಿ ಬಿಂದಿಗೆ.

ಆದರೆ ಕೆಲಸದ ವಿಷಯ ಬಂದರೆ ಕಣ್ಣು ಅರಳುತ್ತದೆ. "ಫೋನ್ ಕೆಟ್ರೆ ಜನ ಬೈತಾರೆ. ಬೈದ್ರೆ ಗೊತ್ತಾಗುತ್ತಲ್ಲ, ಹೋಗಿ ಸರಿ ಮಾಡ್ಬಹುದು. ಈ ಗಿರಾಕಿಗಳು ಬೈಯಲ್ಲ, ಸುಮ್ಮನಾಗಿಬಿಡ್ತಾವೆ. ಯಾರು ಸುಮ್ಮನಾದ್ರು ಅಂತ ನಾವೇ ಗಮನ ಇಡಬೇಕು. ಮನುಷ್ಯರಿಗೆ ಸಿಗ್ನಲ್ ಸಿಗ್ಲಿಲ್ಲ ಅಂದ್ರೆ ಕಿಟಕಿ ಹತ್ರ ಹೋಗ್ತಾರೆ. ಇವು ಎಲ್ಲಿಗೆ ಹೋಗ್ತಾವೆ, ಪಾಪ? ನಾವೇ ಹುಡುಕ್ಕೊಂಡು ಇಳೀಬೇಕು."

ಎಂಥ ಬದಲಾವಣೆ! ಮಾತು ಮಾರುತ್ತಿದ್ದ ಕಂಪನಿ ಈಗ ಮಾತಾಡದವುಗಳಿಗೆ ಕಿವಿಗೊಡುತ್ತಿದೆ. ದಿನಕ್ಕೆ ಒಂದೇ ಸಾಲು ಸುದ್ದಿ ಹೇಳುವ ಸಾವಿರಾರು ಪುಟ್ಟ ಗಿರಾಕಿಗಳು ನಮ್ಮ ಕಾಲಡಿಯಲ್ಲೇ, ಗೋಡೆಯೊಳಗೇ, ದೀಪದ ಕಂಬದ ತುದಿಯಲ್ಲೇ ಇವೆ. ಅವುಗಳ ಮಾತು ತಲುಪುವುದು ಹೀಗೆ ರಸ್ತೆಗೆ ಕೆನ್ನೆ ಕೊಡುವವರು ಇರುವುದರಿಂದ.

ಫೋನು ಸದ್ದು ಮಾಡುತ್ತದೆ. ಕಂಟ್ರೋಲ್ ರೂಮಿನ ಹುಡುಗಿ. ಸಿಗ್ನಲಕ್ಕ ಸ್ಪೀಕರ್ ಒತ್ತುತ್ತಾರೆ.

"ಅಕ್ಕಾ, ಬಂದೇಬಿಡ್ತು! ರಾತ್ರಿಯೆಲ್ಲಾ ಸದ್ದು, ಒಂದು ಗಳಿಗೆ ನಿಂತಿಲ್ಲ!"

"ಜೋರಾಗಿ ಇದೆಯಾ?"

"ಜೋರು! ಅದೇ ಸದ್ದು ಮೇಲಿನ ಕಿವಿಗಿಂತ ಒಂದು ಕ್ಷಣ ಮೊದಲು ಇದಕ್ಕೇ ಮುಟ್ಟಿದೆ. ಅಂದ್ರೆ ನಿಮ್ಮ ಹತ್ರಾನೇ ಅಕ್ಕಾ. ಬೇಕರಿಗೂ ಟೈಲರ್ ಅಂಗಡಿಗೂ ನಡುವೆ. ಇದೊಂದು ಸಿಗದೆ ಎಷ್ಟು ತಲೆ ಕೆಡಿಸ್ಕೊಂಡಿದ್ದೆ ಗೊತ್ತಾ?"

ಸಿಗ್ನಲಕ್ಕ ಎದ್ದು ನಿಂತಿದ್ದಾರೆ. ಖುಷಿಗೆ ಬ್ರೆಡ್ಡಿನವನ ಬೆನ್ನಿಗೆ ಒಂದು ಗುದ್ದು ಕೊಡುತ್ತಾರೆ. ಅವನು, "ಅಯ್ಯೋ, ವ್ಯಾನು ತೆಗೆದಿದ್ದಕ್ಕೆ ಇದಾ?" ಎನ್ನುತ್ತಾನೆ. ಎಲ್ಲರಿಗೂ ಬಿಸಿ ಬನ್ನು ಸಿಗುತ್ತದೆ. ಇನ್ನು ಮೇಲೆ ವ್ಯಾನು ಎರಡು ಮಾರು ಕೆಳಗೆ ನಿಲ್ಲುವುದೆಂದು ಅಲ್ಲೇ ತೀರ್ಮಾನವಾಗುತ್ತದೆ.

ಮಧ್ಯಾಹ್ನ ನೀರಿನ ಕಚೇರಿಯವರು ಗುದ್ದಲಿ ಹಿಡಿದು ಬಂದಾಗ ಟೈಲರಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ನನ್ನ ಮೆಟ್ಟಿಲ ಮುಂದೆ ಒಂದು ಹನಿ ನೀರು ನೋಡಿದ್ದೀರಾ? ಒಣಗಿ ಬಣಬಣ ಅಂತಿದೆ. ಏನೂ ಸಿಗದಿದ್ರೆ ನೀವೇ ಮುಚ್ಚಿ ಕೊಡ್ಬೇಕು!"

"ಸಿಗದಿದ್ರೆ ನಾನೇ ಮುಚ್ತೀನಿ ಟೈಲರಮ್ಮಾ" ಎಂದು ಸಿಗ್ನಲಕ್ಕ ಹೇಳಿದರೂ ಮುಖ ಬಿಳಿಚಿದೆ. ಸೊಂಟದಾಳ ಅಗೆಯುವವರೆಗೂ ಒಣ ಮಣ್ಣೇ. ಆಮೇಲೆ ಒದ್ದೆ ಮಣ್ಣು. ಆಮೇಲೆ ಬುಸ್ಸೆಂದು ನೀರು! ಕೊಳವೆಯ ಜೋಡಣೆ ಬಿರುಕು ಬಿಟ್ಟಿದೆ. ಪಕ್ಕದಲ್ಲೇ ಹಳೆಯ ಚರಂಡಿ. ಮೇಲಿನ ಸಾಲಿಗೆ ಏರಬೇಕಾದ ನೀರೆಲ್ಲ ಮೇಲೆ ಒಂದು ಹನಿಯೂ ಕಾಣದಂತೆ ಅದರೊಳಗೆ ಹರಿದುಹೋಗುತ್ತಿತ್ತು. ಟೈಲರಮ್ಮ ಗುಂಡಿಯೊಳಗೆ ಇಣುಕಿ, "ಇಷ್ಟು ದಿನ ನನ್ನ ಕಾಲ ಕೆಳಗೇ ಇತ್ತಾ!" ಎಂದು ಕೆನ್ನೆಗೆ ಕೈ ಹಚ್ಚುತ್ತಾರೆ.

ಜೋಡಣೆ ಬದಲಾಗಿ, ಗುಂಡಿ ಮುಚ್ಚಿ, ಎರಡು ಬೆಳಗು ಕಳೆದಿವೆ. ಸಿಗ್ನಲಕ್ಕ ಈಗ ಪಕ್ಕದ ಬಡಾವಣೆಯ ಒಂದು ಗುಂಡಿಗೆ ತಲೆ ಹಾಕಿದ್ದಾರೆ. ಕಂಟ್ರೋಲ್ ರೂಮಿನಿಂದ ಆಗಲೇ ಸುದ್ದಿ ಬಂದಿದೆ: ಇಳಿಜಾರಿನ ಕಿವಿಗಳೆಲ್ಲ ರಾತ್ರಿಯಿಡೀ ಏನೂ ಕೇಳಿಸಿಕೊಂಡಿಲ್ಲ, ಮೇಲಿನ ಸಾಲಿನ ಕೊಳವೆ ತುಂಬಿದೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳುತ್ತದೆ. ಅತ್ತೆ. ಕೆಸರು ಕೈಯಾದ್ದರಿಂದ ಡ್ರೈವರ್ ಫೋನನ್ನು ಅವರ ಕಿವಿಗೆ ಹಿಡಿಯುತ್ತಾನೆ. ಅತ್ತೆಯ ದನಿ ನಮಗೂ ಕೇಳುವಷ್ಟು ಜೋರು.

"ಏ, ನಲ್ಲೀಲಿ ನೀರು ಬಂತು ಕಣೇ! ಮೇಲೆ, ನಮ್ಮ ಮನೇಲಿ!"

"ಗೊತ್ತು ಅತ್ತೆ. ಬೆಳಿಗ್ಗೇನೇ ಸುದ್ದಿ ಬಂತು."

ಆ ಕಡೆಯಿಂದ ಮುನಿದ ದನಿ. "ಗೊತ್ತಾ? ಯಾರು ಹೇಳಿದ್ದು? ಆ ಡಬ್ಬೀನಾ? ನೋಡಿದ್ದು ನಾನು, ಬಿಂದಿಗೆ ಇಟ್ಟಿದ್ದು ನಾನು. ಹೇಳೋಕೆ ಅಂತ ಓಡಿ ಬಂದು ಫೋನ್ ಮಾಡಿದ್ರೆ, ಗೊತ್ತು ಅಂತೀಯಲ್ಲೇ!"

ಸಿಗ್ನಲಕ್ಕ ಗುಂಡಿಯಿಂದ ತಲೆಯೆತ್ತಿ, ರಸ್ತೆಯ ಮೇಲೇ ಕಾಲು ಚಾಚಿ ಕೂರುತ್ತಾರೆ. ಕಣ್ಣಲ್ಲಿ ನೀರಾಡುತ್ತಿದೆ, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಕೆಸರು.

"ತಪ್ಪಾಯ್ತು ಅತ್ತೆ. ಇನ್ನೊಂದ್ಸಲ ಹೇಳಿ. ಹಾಗೇ ಫೋನನ್ನ ನಲ್ಲಿ ಹತ್ರ ಹಿಡೀರಿ, ನಾನೂ ಕೇಳ್ತೀನಿ."