ಬಾರಿಸದೆ ಬಿಗಿದ ಡೋಲು

ಆಕ್ರಾದ ಬುಕೊಮ್ ಕೇರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅತಾ ಲಾರ್ಟೆ ಅಂಗಳದಲ್ಲಿ ಕೂತು ಡೋಲಿನ ಗೂಟಗಳನ್ನು ಬಿಗಿಯುತ್ತಿದ್ದಾರೆ. ಸದ್ದಾಗಬಾರದೆಂದು ಸುತ್ತಿಗೆಗೆ ಹಳೆಯ ಬಟ್ಟೆ ಸುತ್ತಿದ್ದಾರೆ. ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆಯೇ ಹೊರತು ಬಡಿಯುವುದಿಲ್ಲ. ಬಿತ್ತನೆಯಾದ ಮೇಲೆ ಒಂದು ತಿಂಗಳು ನಮ್ಮ ಗಾ ಜನರ ಊರಲ್ಲಿ ಡೋಲು ಬಾರಿಸುವಂತಿಲ್ಲ. ಇವತ್ತು ಮಧ್ಯಾಹ್ನ ಪೂಜಾರಿಗಳು ಆ ಕಟ್ಟುಪಾಡು ತೆಗೆಯುತ್ತಾರೆ. ನಾಳೆಯೇ ಕಛೇರಿ.

"ಮದುವೆಯಾದಾಗಿಂದ ವರ್ಷಕ್ಕೆ ಈ ಒಂದು ತಿಂಗಳೇ ನಂಗೆ ನಿದ್ದೆ," ಎಂದು ಹೆಂಡತಿ ನಾ ಡೆಡೆಯ್ ಹುಳಿ ಹಿಟ್ಟಿನ ಕೆಂಕೆ ಉಂಡೆ ಬೇಯಿಸುತ್ತಲೇ ಚುಚ್ಚುತ್ತಾರೆ.

"ಅದಕ್ಕೇ ಈ ತಿಂಗಳು ನಿನ್ ಬಾಯಿ ಇಷ್ಟು ಜೋರು!"

ನಾನು ವಾದ್ಯವೃಂದದಲ್ಲಿ ವಯೋಲಾ ಎಂಬ ದೊಡ್ಡ ಪಿಟೀಲು ನುಡಿಸುವವಳು. ಡೆಟ್ರಾಯಿಟ್‌ನಿಂದ ಬಂದು ಇಲ್ಲೇ ನೆಲೆಸಿರುವ ಲೊರೇನ್ ವಿಟ್‌ಫೀಲ್ಡ್ ತಂತಿವಾದ್ಯ ಮತ್ತು ಡೋಲಿಗೆಂದು ಹೊಸ ಕೃತಿ ರಚಿಸಿದ್ದಾರೆ. ಇಂಥ ರಚನೆಗಳಿಗೆಲ್ಲ ಡೋಲು ಕಟ್ಟಿಕೊಡುವವರು ಅತಾ. ಕಛೇರಿ ಮುಗಿದಾಗ ಹೂಗುಚ್ಛ ನಮಗೆ ಸಿಗುತ್ತದೆ, ವೇದಿಕೆಯ ಹಿಂದೆಯೇ ಉಳಿಯುವ ಅವರು ಯಾರೆಂದು ಯಾರೂ ಕೇಳುವುದಿಲ್ಲ. ನನಗಂತೂ ಆ ಋಣ ತೀರಿಸಲಾಗದು.

ಈ ಸಲ ಮೌನದ ತಿಂಗಳು ಶುರುವಾದ ದಿನವೇ ಡೋಲಿನ ಚರ್ಮ ಸೀಳಿಹೋಯಿತು. ಅತಾ ಹೊಸದನ್ನು ಕಟ್ಟಿದರು. ಡೋಲು ಬಾರಿಸುವವನು ಡೋಲಿನ ಬದಲು ತನ್ನ ತೊಡೆ ತಟ್ಟುತ್ತಿದ್ದ, ನಾವು ಅವನ ಅಂಗೈ ನೋಡಿಕೊಂಡೇ ಅಭ್ಯಾಸ ಮಾಡಿದೆವು. ಆದರೆ ಹೊಸ ಚರ್ಮದ ದನಿ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲ. ಅದು ನಮ್ಮ ಶ್ರುತಿಗೆ ಹೊಂದದಿದ್ದರೆ, ಡೋಲು ಪ್ರಶ್ನೆ ಕೇಳಿ ತಂತಿಗಳು ಉತ್ತರಿಸುವ ನಡುಭಾಗವನ್ನೇ ಕೈಬಿಡಬೇಕು.

ಸಂಜೆ ಸಭಾಂಗಣದಲ್ಲಿ ಅತಾ ಮೊದಲ ಪೆಟ್ಟು ಹಾಕುತ್ತಾರೆ. ದನಿ ತುಂಬಿಕೊಂಡಿದೆ, ಆದರೆ ನಮ್ಮ ಶ್ರುತಿಗಿಂತ ಕೆಳಗಿದೆ. ಅವರು ಬಾಡಿದ ಮುಖದಿಂದ ಲೊರೇನ್ ಕಡೆ ನೋಡುತ್ತಾರೆ.

"ತಪ್ಪು ನಂದೇ, ತಾಯಿ. ಕೈಯನ್ನೇ ನಂಬ್ಕೊಂಡು ಬಿಗಿದೆ. ಇನ್ನೂ ಎಳೆದ್ರೆ ಹರಿದೇ ಹೋಗತ್ತೆ. ಆ ಭಾಗ ಬಿಟ್ಬಿಡಿ."

"ಇನ್ನೊಂದ್ಸಲ ಬಾರ್ಸಿ, ಅತಾ," ಎನ್ನುತ್ತಾರೆ ಲೊರೇನ್. ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ನಮ್ಮತ್ತ ತಿರುಗುತ್ತಾರೆ. "ಎಲ್ರೂ ತಂತಿಯ ಶ್ರುತಿ ಇಳ್ಸಿ. ಈ ದನಿ ನಂಗೆ ಬೇಕು."

ನಾವು ಒಬ್ಬೊಬ್ಬರಾಗಿ ಬಿರಡೆ ತಿರುಗಿಸುತ್ತೇವೆ. ಈ ಸಲ ಡೋಲು ಕೇಳುತ್ತದೆ, ತಂತಿಗಳು ಉತ್ತರಿಸುತ್ತವೆ. ನನ್ನ ಕಣ್ಣು ಒದ್ದೆಯಾಗುತ್ತದೆ, ಮುಚ್ಚಿಟ್ಟು ಏನು ಪ್ರಯೋಜನ?

ಅತಾ ಡೋಲಿನ ಚರ್ಮವನ್ನು ಅಂಗೈಯಿಂದ ಸವರುತ್ತಾರೆ.

"ಇಷ್ಟು ವರ್ಷ ಪಿಟೀಲಿಗೆ ತಕ್ಕ ಹಾಗೆ ಡೋಲು ಕಟ್ಟಿದೀನಿ," ಎನ್ನುತ್ತಾರೆ ನನ್ನತ್ತ ತಿರುಗಿ. "ಪಿಟೀಲುಗಳು ನನ್ ಡೋಲಿನ ಹತ್ರ ಬಂದಿದ್ದು ಇವತ್ತೇ. ನಾಳೆ ನಾನೂ ಜನರ ಜೊತೆ ಮುಂದೆ ಕೂತು ಕೇಳ್ಲಾ, ಮಗಳೇ?"