ಅಳುವುದನ್ನು ಕಲಿಸಿದ ಆಪಾ

ಮೊನ್ನೆ ಬಹಳ ದಿನ ಮುಚ್ಚಿಟ್ಟಿದ್ದ ಜೋಳದ ಡ್ರಮ್ಮಿನ ಮುಚ್ಚಳ ತೆಗೆದೆ. ಬೆಚ್ಚಗಿನ, ಹುಳಿಹುಳಿ ವಾಸನೆಯೊಂದು ಮುಖಕ್ಕೆ ಬಡಿಯಿತು. ಸೊಸೆ ಮೂಗು ಮುಚ್ಚಿಕೊಂಡು, “ಚೆಲ್ಲಿಬಿಡ್ರಿ ಅತ್ತಿ” ಎಂದಳು. ನಾನು ಮುಚ್ಚಳ ಹಿಡಿದು ಅಲ್ಲೇ ನಿಂತೆ. ಅದು ಹಗೇವಿನ ವಾಸನೆ. ಅದರ ಬೆನ್ನಿಗೇ ಎರಡನೇ ಇಯತ್ತೆಯಲ್ಲಿ ಪಾಠ ಹೇಳಿದ, ನಾವೆಲ್ಲ ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದೇ ಕರೆಯುತ್ತಿದ್ದ ಟೀಚರು ನೆನಪಾದರು...

ಹಗೇವು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಜೋಳದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ಕೋಣೆಯಷ್ಟು. ಮೇಲೆ ಪರಸಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತಿತ್ತು. ಬಾಯಿ ತೆರೆದ ಕೂಡಲೇ ಇಳಿದವರು ಒಳಗೇ ಉಳಿದದ್ದುಂಟು. ಒಂದು ರಾತ್ರಿ ತೆರೆದಿಟ್ಟು ಇಳಿಯಬೇಕು ಎಂಬುದು ಹಿರಿಯರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರಿಗೂ ಒಮ್ಮೊಮ್ಮೆ ಅವಸರ ಬರುತ್ತದಲ್ಲ, ಅದೇ ತೊಂದರೆ.

ಆಪಾ ಚಿತ್ತಾಪುರದಿಂದ ನಮ್ಮ ಹಳ್ಳಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಬುರ್ಖಾ ಮಡಚಿ ಕುರ್ಚಿಯ ಮೇಲಿಟ್ಟರೆಂದರೆ ಪಾಠ ಶುರು. ಒಂದು ದಿನ ಉರಿಯುವ ಚಿಮಣಿ ಬುಡ್ಡಿಯ ಮೇಲೆ ಗಾಜಿನ ಬರಣಿ ಬೋರಲು ಹಾಕಿದರು. ದೀಪ ಸಣ್ಣದಾಗಿ, ಸಣ್ಣದಾಗಿ, ಆರಿತು. ನಮಗೆ ಜಾದೂ ನೋಡಿದಷ್ಟು ಖುಷಿ.

“ದೀಪಕ್ಕ ಸಾಲದ ಗಾಳಿ ನಮಗೂ ಸಾಲಂಗಿಲ್ಲ. ಹಗೇವಿನ್ಯಾಗ ಮೊದಲ ಕಂದೀಲು ಬಿಡಬೇಕು. ಆರಿತಂದ್ರ ಯಾರೂ ಇಳೀಬಾರ್ದು. ಮನ್ಯಾಗ ಹೇಳ್ರಿ. ಕೇಳಲಿಲ್ಲಂದ್ರ ಏನ್ ಮಾಡ್ತೀರಿ?”

“ಸುಮ್ನ ಕುಂದರ್ತೀವ್ರಿ” ಎಂದೆವು. ನಮ್ಮ ಮನೆಗಳಲ್ಲಿ ದೊಡ್ಡವರೆದುರು ಮಕ್ಕಳು ಮಾಡಬಹುದಾದದ್ದು ಅದೊಂದೇ.

ಆಪಾಗೆ ಸಿಟ್ಟು ಬಂತು. “ಸುಮ್ನ ಕುಂದರಬ್ಯಾಡ್ರಿ. ಕಾಲು ಹಿಡ್ಕೊಂಡು ಅಳ್ರಿ. ಊರು ಕೂಡೂ ಹಂಗ ಅಳ್ರಿ” ಎಂದವರೇ ನಮ್ಮಿಂದ ಅಭ್ಯಾಸವನ್ನೂ ಮಾಡಿಸಿದರು! ಒಬ್ಬಳು ಅಪ್ಪನಾಗಿ ನಿಲ್ಲಬೇಕು, ಇನ್ನೊಬ್ಬಳು ಕಾಲು ಹಿಡಿದು ಹೊರಳಾಡಬೇಕು. ಚೆನ್ನಾಗಿ ಅತ್ತವರಿಗೆ ಶಾಬಾಸ್. ಮೆತ್ತಗೆ ಅತ್ತವರಿಗೆ ಇನ್ನೊಂದು ಸಲ. ಗದ್ದಲ ಕೇಳಿ ಹೆಡ್ ಮಾಸ್ತರರು ಓಡಿ ಬಂದರು.

“ಏನ್ ನಡದದ ಇಲ್ಲಿ?”

“ವಿಜ್ಞಾನ ನಡದದ್ರಿ ಸರ್” ಎಂದರು ಆಪಾ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಆ ವರ್ಷ ಬೇಸಿಗೆ ರಜೆಗೆ ಮುಂಚೆ ಒಂದು ಮಧ್ಯಾಹ್ನ ನಮ್ಮ ಹಗೇವಿನ ಕಲ್ಲು ಸರಿಸಿದರು. ಸರಿಸಿ ಇನ್ನೂ ತಾಸಾಗಿರಲಿಲ್ಲ, ಬಡಗಣ ದಿಕ್ಕಿಗೆ ಮೋಡ ಕಪ್ಪಗೆ ಕಟ್ಟಿತು. ನೀರು ನುಗ್ಗಿದರೆ ಕಾಳೆಲ್ಲ ಹಾಳು. ಮಳೆಗೆ ಮೊದಲೇ ಇಳಿದು ಕಾಳು ಮೇಲೆತ್ತಲು ಅಪ್ಪ ಸೊಂಟಕ್ಕೆ ಹಗ್ಗ ಬಿಗಿದ. ಇನ್ನೊಂದು ತುದಿ ಕಾಕಾನ ಕೈಯಲ್ಲಿತ್ತು.

“ಅಪ್ಪಾ, ಮೊದಲ ಕಂದೀಲು ಬಿಡು” ಎಂದೆ.

“ಮಳಿ ಬರಾಕತ್ತದ, ಸರಿ ಆಚೀಗಿ” ಎಂದ.

ಆ ಬೋರಲು ಬರಣಿ ಕಣ್ಣ ಮುಂದೆ ಬಂತು. ಅಪ್ಪನ ಕಾಲು ಅಪ್ಪಿಕೊಂಡು ಕಿರುಚಿಬಿಟ್ಟೆ. ಶಾಲೆಯಲ್ಲಿ ನನ್ನದು ಮೆತ್ತಗಿನ ಅಳು, ಎರಡು ಸಲ ಮಾಡಿಸಿದ್ದರು. ಅವತ್ತು ಮಾತ್ರ ಓಣಿಗೆ ಓಣಿಯೇ ಹೊರಗೆ ಬಂತು. ಅವ್ವ ರಟ್ಟೆ ಹಿಡಿದು ಜಗ್ಗಿದಳು, ಬೆನ್ನಿಗೆ ಎರಡು ಕೊಟ್ಟಳು. ನಾನು ಬಿಡಲಿಲ್ಲ. ಮಂದಿಯೆದುರು ಅಪ್ಪನಿಗೆ ನಾಚಿಕೆಯಾಗಿರಬೇಕು. “ಇಕಿ ಬಾಯರ ಮುಚ್ಚಲಿ, ಕಂದೀಲು ತಾ” ಎಂದು ಅವ್ವನಿಗೆ ಹೇಳಿದ.

ಕಂದೀಲು ಕೆಳಗಿಳಿಯಿತು. ಅರ್ಧಕ್ಕೂ ಹೋಗಿರಲಿಲ್ಲ, ಆರಿತು. ಗಾಳಿಗೆ ಆರಿರಬೇಕೆಂದು ಕಾಕಾ ಮೇಲೆಳೆದು ಮತ್ತೆ ಹಚ್ಚಿ ಬಿಟ್ಟ. ಮತ್ತೆ ಅಲ್ಲಿಯೇ ಆರಿತು.

ಅಪ್ಪ ಹಗ್ಗ ಬಿಚ್ಚಿ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟ. ಅವ್ವ, ಈಗಷ್ಟೇ ಹೊಡೆದವಳು, ನನ್ನನ್ನು ಉಸಿರುಗಟ್ಟುವ ಹಾಗೆ ತಬ್ಬಿಕೊಂಡಳು. ಕಲ್ಲು ಮತ್ತೆ ಮುಚ್ಚುವಷ್ಟರಲ್ಲಿ ಮಳೆ ಬಂದೇ ಬಂತು, ಒಂದಿಷ್ಟು ನೀರೂ ಒಳಗೆ ಹೋಯಿತು. “ಹೋದ್ರ ಹೋಗ್ಲಿ ಜ್ವಾಳ” ಎಂದು ಅವ್ವ ಅವತ್ತೆಲ್ಲ ಅದೊಂದೇ ಮಾತು ಆಡುತ್ತಿದ್ದಳು. ಆ ವರ್ಷ ನಾವು ಮುಗ್ಗಿದ ಜೋಳದ ರೊಟ್ಟಿ ತಿಂದೆವು. ಅಪ್ಪ ಎದುರಿಗೆ ಕೂತಿರುತ್ತಿದ್ದ, ಅದರ ರುಚಿಯ ಬಗ್ಗೆ ಯಾರೂ ಗೊಣಗಲಿಲ್ಲ.

ಮರುದಿನ ಅವ್ವ ಶಾಲೆಗೆ ಬಂದು ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದಳು. ಆಪಾ ಮೇಜು ಹಿಡಿದು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. “ಯಾ ಅಲ್ಲಾ...” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, “ಜೋರ್ ಅತ್ತಿಯೇನು?” ಎಂದರು.

“ಭಾಳ ಜೋರ್ ಅತ್ನಿರಿ ಆಪಾ.”

ಅವರು ನಕ್ಕರು. ಕಣ್ಣಲ್ಲಿ ನೀರಿಟ್ಟುಕೊಂಡು ಹಾಗೆ ನಕ್ಕವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಅವರಿಗೆ ಚಿಂಚೋಳಿ ಕಡೆಗೆ ವರ್ಗವಾಯಿತು. ಆಮೇಲೆ ಎಲ್ಲಿದ್ದರೋ, ಹೇಗಿದ್ದರೋ... ಬಹಳ ವರ್ಷಗಳ ಮೇಲೆ ಸೇಡಂ ಬಸ್ಸಿನಲ್ಲಿ ಸಿಕ್ಕ ಹಳೆಯ ಗೆಳತಿಯೊಬ್ಬಳು, ಆಪಾ ತೀರಿಕೊಂಡರೆಂದು ಹೇಳಿದಳು.

ಅಪ್ಪ ಹೋದದ್ದು ಹೋದ ವರ್ಷ. ಹಲ್ಲೆಲ್ಲ ಬಿದ್ದು, ಕಿವಿ ಮಂದವಾಗಿ, ಮರಿಮಗಳಿಗೆ ತನ್ನ ತಟ್ಟೆಯಿಂದ ಅನ್ನ ತಿನ್ನಿಸಿ, ಮಲಗಿದವನು ಏಳಲಿಲ್ಲ. ಮಣ್ಣು ಮಾಡಿ ಬಂದಾಗ ಎಲ್ಲರೂ ಅಳುತ್ತಿದ್ದರು, ನಾನೂ ಅತ್ತೆ. ಆದರೆ ಒಳಗೊಳಗೇ ಎಂಥದೋ ನಿರಾಳ. ಅದನ್ನು ಮನೆಯವರಿಗೆ ಹೇಳಿದರೆ ತಪ್ಪು ತಿಳಿದಾರು. ಹೇಳಿದರೆ ತಿಳಿಯುತ್ತಿದ್ದವರು ಒಬ್ಬರೇ. ಅವರು ಇದ್ದಿದ್ದರೆ ಅವತ್ತೇ ಬಸ್ಸು ಹತ್ತಿ ಹೋಗಿ ಅಷ್ಟೇ ಹೇಳಿ ಬರುತ್ತಿದ್ದೆ: ಆಪಾ, ನಮ್ಮಪ್ಪ ಮುದುಕನಾಗಿ ಸತ್ತಾನ್ರಿ.