ಸವಳು ನೀರಿನಲ್ಲಿ ತೊಳೆದ ಬಸ್ಸು

ಅದು 1954ರ ಬೇಸಿಗೆ. ನಾನು, ನನ್ನ ಹೆಂಡತಿ ಶಾಂತವ್ವ ಮತ್ತು ನಾಲ್ಕು ವರ್ಷದ ಮಗಳು ನೀಲಾ ಲಿಂಗಸುಗೂರಿನಲ್ಲಿ ಸಿಂಧನೂರಿನ ಬಸ್ಸು ಹತ್ತಿದೆವು. ಆಗ ನಾನು ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ.

ಬಸ್ಸಿನ ಚಾಲಕ ಹುಸೇನಪ್ಪ. ಗಾಡಿಯನ್ನು ಅವನಷ್ಟು ಚೊಕ್ಕಟವಾಗಿ ಇಟ್ಟುಕೊಂಡವರನ್ನು ನಾನು ಕಂಡಿರಲಿಲ್ಲ. ದಿನಾ ಬೆಳಿಗ್ಗೆ ಒಳಗೂ ಹೊರಗೂ ತೊಳೆದು, ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಭಾಗಕ್ಕೂ ನೀರು ಎರಚುತ್ತಿದ್ದ. ಹತ್ತುವವರಿಗೆಲ್ಲ, "ಕಾಲು ಝಾಡಿಸಿ ಬರ್ರೀ, ಇದೇನು ದನದ ಕೊಟ್ಟಿಗಿ ಅಲ್ಲ" ಎನ್ನುತ್ತಿದ್ದ.

ಅಂದು ಗುರುಗುಂಟಾದ ಮುದುಕಿಯೊಬ್ಬಳು ನಮ್ಮ ಪಕ್ಕದಲ್ಲಿ ಕುಳಿತವಳು, "ಮನಿ ಸಾರಸಾಕೂ ನಿನ್ನ ಹೇಣ್ತಿ ನಿನ್ನನ್ನ ಕರೀತಾಳೇನಪಾ?" ಎಂದು ಅವನನ್ನು ಕೆಣಕಿದಳು. ಎಲ್ಲರೂ ನಕ್ಕರು. ಹುಸೇನಪ್ಪನೂ ನಕ್ಕ.

ಮಸ್ಕಿ ಇನ್ನು ಎರಡು ಮೈಲಿ ಇದ್ದೀತು. ತಗ್ಗೊಂದರಲ್ಲಿ ಚಕ್ರ ಇಳಿದು ಮೇಲೆದ್ದಿತು. ನನ್ನ ಮೊಣಕಾಲಿಗೆ ಒರಗಿ ನಿಂತಿದ್ದ ನೀಲಾ ಇದ್ದಕ್ಕಿದ್ದಂತೆ ಕುಳ್ಳಗಾದಳು. ಏನಾಯಿತೆಂದು ಮೊದಲು ತಿಳಿಯಲಿಲ್ಲ. ಅವಳ ಕಾಲಡಿಯ ಕಬ್ಬಿಣದ ತಗಡು ಹರಿದು ಅವಳು ಎದೆಯವರೆಗೆ ಇಳಿದಿದ್ದಳು. ಎರಡೂ ಕಾಲು ಓಡುವ ರಸ್ತೆಯ ಮೇಲೆ ತೂಗುತ್ತಿದ್ದವು. ಹಿಂದಿನ ಚಕ್ರ ಅಲ್ಲೇ ಪಕ್ಕದಲ್ಲಿ ತಿರುಗುತ್ತಿತ್ತು. ಮಗು ಅಳಲಿಲ್ಲ. ನನ್ನ ಮುಖ ನೋಡಿತು. ನನ್ನ ಕೈ ಏಳಲಿಲ್ಲ.

ಆ ಮುದುಕಿ ಬಾಗಿ ಮಗುವಿನ ಎರಡೂ ರಟ್ಟೆ ಹಿಡಿದಳು. "ನಿಲ್ಲಸೋ ಹುಸೇನಪ್ಪಾ! ಕೂಸು ಕೆಳಗ ಹೊಂಟೈತಿ!"

ಬಸ್ಸು ನಿಂತ ಮೇಲೂ ಅವಳು ಹಿಡಿತ ಬಿಡಲಿಲ್ಲ. ನೀಲಾಳನ್ನು ಮೇಲೆಳೆದಾಗ ಒಂದು ಹಿಮ್ಮಡಿ ತರಚಿತ್ತು, ಅಷ್ಟೇ. ಶಾಂತವ್ವ ಮಗುವಿನ ಕಾಲ್ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ.

ಹುಸೇನಪ್ಪ ಬಂದು ತೂತಿನ ಅಂಚು ಒತ್ತಿದ. ತಗಡು ಹಪ್ಪಳದಂತೆ ಪುಡಿಯಾಯಿತು. "ದಿನಾ ತೊಳೀತೀನಲ್ರೀ ಸಾಹೇಬ್ರ. ಮೊನ್ನೆ ಅಡಿಯಾಗೆಲ್ಲ ಡಾಂಬರ ಬಳದೀನಿ" ಎಂದ.

ಬಸ್ಸಿನಲ್ಲಿ ಸಂತೆಕಲ್ಲೂರಿನ ಕಮ್ಮಾರನೊಬ್ಬನಿದ್ದ. ಒಂದು ಚೂರು ಎತ್ತಿಕೊಂಡು ನಾಲಿಗೆಗೆ ಮುಟ್ಟಿಸಿ ಉಗುಳಿದ.

"ಯಾ ಬಾವಿ ನೀರಿಲೆ ತೊಳೀತೀಯೋ?"

"ಸವಳ ಬಾವೀದು. ಸೀ ನೀರು ಮಂದೀಗೇ ಸಾಲಂಗಿಲ್ಲ. ಅದನ್ನ ತಂದು ಗಾಡಿಗೆ ಸುರವಲ್ಯಾ? ಗಾಡಿ ಏನು ನೀರು ಕುಡಿತೈತೇನು?"

"ಕುಡದೈತಲ್ಲಪಾ!" ಎಂದ ಕಮ್ಮಾರ. "ನೀರು ಆರತೈತಿ, ಉಪ್ಪು ಹೋಗಂಗಿಲ್ಲ. ಅದು ಕಬ್ಬಿಣಕ್ಕ ಹತ್ತಿ ತಿಂತೈತಿ. ಅದರ ಮ್ಯಾಲ ನೀ ಡಾಂಬರ ಹೊಚ್ಚೀದಿ. ಹೊರಗ ಯಾರಿಗೂ ಕಾಣವಲ್ದು, ಒಳಗ ತಿನ್ನಾದು ನಿಲ್ಲವಲ್ದು."

ಅವನು ಗಾಡಿಯಡಿ ನುಸುಳಿ ಕಬ್ಬಿಣದ ಪಟ್ಟಿಗಳನ್ನು ಸುತ್ತಿಗೆಯಿಂದ ಬಡಿಯತೊಡಗಿದ. ಕರಿಯ ಲೇಪ ಚೆನ್ನಾಗಿಯೇ ಇತ್ತು. ಪೆಟ್ಟು ಬಿದ್ದಲ್ಲೆಲ್ಲ ಕೆಂಪು ಸಿಪ್ಪೆ ಉದುರಿತು. ಒಂದು ಕಡೆ ಸುತ್ತಿಗೆಯೇ ಒಳಗೆ ಹೊಕ್ಕಿತು. ನಾವು ಮೂವತ್ತು ಮಂದಿ ಇಷ್ಟು ದೂರ ಬಂದದ್ದು ಬರಿ ಡಾಂಬರಿನ ಮೇಲೆ ಕುಳಿತು ಎಂದು ಆಗ ನನಗೆ ಅರಿವಾಯಿತು.

"ಹಂಗಾರ ತೊಳೀಲಾರದ ಗಾಡೀನೇ ಛಲೋ ಏನ್ರೀ?" ಎಂದು ಹುಸೇನಪ್ಪ ನನ್ನನ್ನು ಕೇಳಿದ.

"ಯಾರೂ ಹತ್ತಬ್ಯಾಡ್ರೀ" ಎಂದು ಹೇಳಿ, ಖಾಲಿ ಬಸ್ಸನ್ನು ಅವನೊಬ್ಬನೇ ಮೆಲ್ಲಗೆ ಮಸ್ಕಿಯ ಕಡೆಗೆ ನಡೆಸಿದ. ನಾವೆಲ್ಲ ಹಿಂದೆ ನಡೆದೆವು. ನೀಲಾ ನನ್ನ ಹೆಗಲ ಮೇಲಿದ್ದಳು.

ಮರುದಿನ ಸಿಂಧನೂರಿನಲ್ಲಿ ಸುದ್ದಿ ಬರೆಯಲು ಕುಳಿತೆ. ರೂಢಿಯಂತೆ ಮೊದಲ ಸಾಲು ತಾನಾಗಿ ಬಂತು: "ಚಾಲಕನ ಅಜಾಗರೂಕತೆಯಿಂದ." ಓದಿ ನೋಡಿದೆ. ಅದು ಸುಳ್ಳಾಗಿತ್ತು. ಎರಡನೆಯ ಪದದ ಮೊದಲ ಅಕ್ಷರವನ್ನು ಹೊಡೆದುಹಾಕಿದೆ. ಉಳಿದದ್ದನ್ನು ಓದಿದೆ: "ಚಾಲಕನ ಜಾಗರೂಕತೆಯಿಂದ." ನಡೆದದ್ದು ಅದೇ ಆಗಿತ್ತು. ಎಷ್ಟೋ ಅಪಘಾತಗಳ ಸುದ್ದಿ ಬರೆದ ಮೇಲೂ, 'ಅಜಾಗರೂಕತೆ' ಎಂಬ ಪದ ಬಂದಲ್ಲಿ ನನ್ನ ಲೇಖನಿ ಈಗಲೂ ನಿಲ್ಲುತ್ತದೆ.